ದೇಶ ಸುತ್ತಿದವನ ಅನ್ನದ ಋಣ

(ಮಸ್ಕತ್‌ನಲ್ಲಿ ನಮ್ಮ ಕನ್ನಡ ಬಳಗದ ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಕಾರ್ಯದರ್ಶಿಗಳು ಎರಡು ವಾರದ ಹಿಂದೆ ಫೋನ್ ಮಾಡಿ, "ಸಾರ್, ಈ ಸಲ ನಿಮ್ಮದೊಂದು ಹದಿನೈದು ನಿಮಿಷದ ಮಾತು ಇರಲಿ, ಪ್ರವಾಸದ ಬಗ್ಗೆ ಏನಾದರೂ ಹೇಳಿ, ಜನಕ್ಕೆ ಇಷ್ಟವಾಗುತ್ತದೆ" ಎಂದರು. ನಾವು ಸಾಫ್ಟ್‌ವೇರಿನವರು. ಎಂ.ಟೆಕ್. ಮಾಡಿದ್ದರಿಂದ ಮೈಕಿನ ಮುಂದೆ ಧೈರ್ಯ ಬರುತ್ತದೆ ಎಂದು ಯಾರೂ ನಮಗೆ ಹೇಳಿರಲಿಲ್ಲ, ಬರಲೂ ಇಲ್ಲ. ನಮ್ಮ ಪ್ರವಾಸವೆಂದರೆ ಮನೆಯಿಂದ ಕಚೇರಿ, ಕಚೇರಿಯಿಂದ ಮನೆ, ವರ್ಷಕ್ಕೊಮ್ಮೆ ಮೂವತ್ತು ಕಿಲೋ ತೂಕದ ಸೂಟ್‌ಕೇಸಿನೊಂದಿಗೆ ಊರು. ಅದರ ಬಗ್ಗೆ ಹೇಳಲು ಹದಿನೈದು ನಿಮಿಷ ಬೇಡ. ಹಾಗಾಗಿ ನಿಜವಾಗಿ ಪ್ರವಾಸ ಮಾಡಿದ ಒಬ್ಬರನ್ನು ಇವತ್ತು ನೆನೆಯೋಣ ಎಂದುಕೊಂಡೆವು. ಆತ ನಾವು ಕೂತಿರುವ ಈ ನಾಡಿಗೂ ಬಂದಿದ್ದ, ನಮ್ಮಲ್ಲಿ ಹಲವರ ತವರಾದ ಕರಾವಳಿಗೂ ಹೋಗಿದ್ದ. ಅಷ್ಟೇ ಅಲ್ಲ, ನಾವೆಲ್ಲ ಇವತ್ತು ಇಲ್ಲಿ ಯಾಕೆ ಸೇರಿದ್ದೇವೆ ಎಂಬುದಕ್ಕೂ ಆತನ ಬದುಕಿನಲ್ಲಿ ಉತ್ತರ ಇದೆ ಎಂದು ನಮಗೆ ಅನ್ನಿಸಿದೆ.

ಆತನ ಹೆಸರು ಇಬ್ನ್ ಬತೂತ. ದುಬೈಗೆ ಹೋದವರು ಆ ಹೆಸರಿನ ಮಾಲ್‌ನಲ್ಲಿ ಸುತ್ತಿ ಕಾಲು ನೋಯಿಸಿಕೊಂಡಿರುತ್ತೀರಿ. 2005ರಲ್ಲಿ ತೆರೆದ ಆ ಮಾಲ್‌ನಲ್ಲಿ ಆತ ಓಡಾಡಿದ ನಾಡುಗಳ ಹೆಸರಿನ ಅಂಗಳಗಳಿವೆ, ಭಾರತದ್ದೂ ಇದೆ, ಚೀನಾದ್ದೂ ಇದೆ. ಮಕ್ಕಳು ಅಲ್ಲಿಯ ಆನೆ ಗಡಿಯಾರ ನೋಡುತ್ತಾರೆ, ದೊಡ್ಡವರು ರಿಯಾಯಿತಿ ಮಾರಾಟ ನೋಡುತ್ತಾರೆ. ಹೆಸರಿನ ಮನುಷ್ಯ ಯಾರು ಎಂದು ಕೇಳುವವರು ಕಡಿಮೆ. ನಾವೂ ಕೇಳಿರಲಿಲ್ಲ. ಏಳನೇ ತರಗತಿಯ ಮಗಳ ಶಾಲೆಯ ಪ್ರಾಜೆಕ್ಟಿಗಾಗಿ ಗ್ರಂಥಾಲಯದಿಂದ ತಂದ ಪುಸ್ತಕ ನಮ್ಮ ಕೈಗೆ ಸಿಕ್ಕಿ, ಅವಳ ಪ್ರಾಜೆಕ್ಟು ಮುಗಿದ ಮೇಲೂ ನಮ್ಮ ಓದು ಮುಗಿಯಲಿಲ್ಲ.

ಆತ ಹುಟ್ಟಿದ್ದು 1304ರಲ್ಲಿ, ಮೊರಾಕ್ಕೊದ ಟಾಂಜಿಯರ್ ಪಟ್ಟಣದಲ್ಲಿ, ನ್ಯಾಯಶಾಸ್ತ್ರ ಬಲ್ಲವರ ಮನೆತನದಲ್ಲಿ. 1325ರ ಜೂನ್‌ನಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಮೆಕ್ಕಾ ಯಾತ್ರೆಗೆಂದು ಒಬ್ಬನೇ ಹೊರಟ. ತಂದೆತಾಯಿ ಇಬ್ಬರೂ ಬದುಕಿದ್ದರು. ಯಾತ್ರೆ ಮುಗಿಸಿ ಬರಲು ಒಂದೆರಡು ವರ್ಷ ಸಾಕಾಗಿತ್ತು. ಊರಿನ ಕಡೆ ಮತ್ತೆ ಮುಖ ಮಾಡಿ ಮೊರಾಕ್ಕೊ ತಲುಪಿದ್ದು 1349ರಲ್ಲಿ, ಇಪ್ಪತ್ತನಾಲ್ಕು ವರ್ಷದ ನಂತರ! "ಎರಡು ವರ್ಷ ದುಡಿದು ವಾಪಸ್ ಬಂದುಬಿಡುತ್ತೇವೆ" ಎಂದು ಹೇಳಿ ಮಸ್ಕತ್ ವಿಮಾನ ಹತ್ತಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ನಾವು ಕೈ ಎತ್ತಿಸುವುದಿಲ್ಲ.

ಈಜಿಪ್ಟ್, ಸಿರಿಯಾ, ಅರೇಬಿಯಾ, ಪೂರ್ವ ಆಫ್ರಿಕದ ಕರಾವಳಿ, ತುರ್ಕಿ, ಮಧ್ಯ ಏಷ್ಯಾ, ಭಾರತ, ಮಾಲ್ಡೀವ್ಸ್, ಸುಮಾತ್ರಾ, ಚೀನಾ, ಆಮೇಲೆ ಸ್ಪೇನ್, ಕೊನೆಗೆ ಸಹಾರಾ ದಾಟಿ ಮಾಲಿ. ಒಟ್ಟು ಸುಮಾರು 1,20,000 ಕಿಲೋಮೀಟರ್ ಎಂದು ಅಂದಾಜು ಮಾಡುತ್ತಾರೆ. ಒಮ್ಮೆ ಹೋದ ದಾರಿಯಲ್ಲಿ ಆದಷ್ಟು ಮತ್ತೆ ಹೋಗಬಾರದು ಎಂಬುದು ಆತನ ನಿಯಮ. 1355ರಲ್ಲಿ, ಮೊರಾಕ್ಕೊದ ಸುಲ್ತಾನನ ಅಪ್ಪಣೆಯಂತೆ, ಆತ ಹೇಳುತ್ತ ಹೋದದ್ದನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸ ಬರೆದು ಮುಗಿಸಿದ. ಅದೇ 'ರಿಹ್ಲಾ', ಎಂದರೆ ಪ್ರವಾಸ ಎಂಬ ಗ್ರಂಥ. ಅದರಲ್ಲಿ ಬೇರೆ ಪುಸ್ತಕದಿಂದ ಎತ್ತಿಕೊಂಡ ಭಾಗಗಳಿವೆ, ಚೀನಾದ ಭಾಗವನ್ನು ಎಲ್ಲ ಪಂಡಿತರೂ ನಂಬುವುದಿಲ್ಲ. ಆದರೂ ಆ ಕಾಲದ ಲೋಕವನ್ನು ಇಷ್ಟು ಹತ್ತಿರದಿಂದ, ಊಟ ಬಟ್ಟೆ ಜಗಳ ಜ್ವರ ಸಮೇತ ಹೇಳಿದ ಪುಸ್ತಕಗಳು ವಿರಳ.

ಈಗ ಒಂದು ಲೆಕ್ಕ ಕೇಳುತ್ತೇವೆ. ನಾವು ಎಂಜಿನಿಯರುಗಳು, ಲೆಕ್ಕ ಕೇಳುವುದು ಹುಟ್ಟುಗುಣ. ಕ್ರೆಡಿಟ್ ಕಾರ್ಡ್ ಇಲ್ಲ, ಬ್ಯಾಂಕ್ ಇಲ್ಲ, ಹೋಟೆಲ್ ಬುಕಿಂಗ್ ಇಲ್ಲ, ಮನೆಯಿಂದ ಹಣ ಕಳಿಸುವವರಿಲ್ಲ. ಹಾಗಾದರೆ ಇಷ್ಟು ವರ್ಷ ಈ ಮನುಷ್ಯ ಉಂಡದ್ದು ಎಲ್ಲಿ, ಮಲಗಿದ್ದು ಎಲ್ಲಿ?

ಉತ್ತರ ಪುಸ್ತಕದ ಪುಟಪುಟದಲ್ಲೂ ಇದೆ. ಆತ ಉಂಡದ್ದು ಬೇರೆಯವರ ಅನ್ನ. ಮಲಗಿದ್ದು ಬೇರೆಯವರು ಕಟ್ಟಿಸಿದ ಛತ್ರದಲ್ಲಿ.

ಹೊರಟ ಮೊದಲ ತಿಂಗಳುಗಳ ಒಂದು ಘಟನೆ ಕೇಳಿ. ಪ್ರಯಾಣಿಕರ ತಂಡದ ಜೊತೆ ಟ್ಯೂನಿಸ್ ನಗರಕ್ಕೆ ಬಂದಿಳಿದ. ಊರವರು ಎದುರುಗೊಳ್ಳಲು ಬಂದಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮವರನ್ನು ಕಂಡು ನಮಸ್ಕರಿಸಿ ಮಾತಾಡಿಸುತ್ತಿದ್ದಾರೆ. ಈತನನ್ನು ಗುರುತಿಸುವವರು ಒಬ್ಬರೂ ಇಲ್ಲ. ಆ ಹುಡುಗ ಅಲ್ಲೇ ನಿಂತು ಅತ್ತುಬಿಟ್ಟ. ಅದನ್ನು ಗಮನಿಸಿದ ಯಾತ್ರಿಕನೊಬ್ಬ ಹತ್ತಿರ ಬಂದು ಮಾತಾಡಿಸಿ, ಊರೊಳಗೆ ಹೋಗುವವರೆಗೂ ಸಮಾಧಾನ ಹೇಳುತ್ತ ಜೊತೆಗಿದ್ದ. ಮೂವತ್ತು ವರ್ಷದ ನಂತರ, ರಾಜರಾಣಿಯರನ್ನೆಲ್ಲ ನೋಡಿ ಬಂದ ಮೇಲೂ, ಬತೂತನಿಗೆ ಆ ಸಂಜೆ ಮರೆತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಎಲ್ಲರ ಹೆಸರಿನ ಬೋರ್ಡ್ ಹಿಡಿದವರಿದ್ದು ನಮ್ಮ ಹೆಸರಿನ ಬೋರ್ಡ್ ಮಾತ್ರ ಇಲ್ಲದ ಆ ಅರ್ಧ ಗಂಟೆ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಆಗ "ನೀವು ಕನ್ನಡದವರಾ?" ಎಂದು ಕೇಳಿದ ಮುಖವೂ ನೆನಪಿದೆ.

ಮುಂದೆ 1326ರಲ್ಲಿ ದಮಾಸ್ಕಸ್. ಅಲ್ಲಿ ಆತನನ್ನು ಬೆರಗುಗೊಳಿಸಿದ್ದು 'ವಕ್ಫ್' ಎಂಬ ದತ್ತಿಗಳ ವ್ಯವಸ್ಥೆ. ನಮ್ಮ ಕಡೆ ಹಿಂದಿನವರು ಛತ್ರಕ್ಕೆ, ಅರವಟ್ಟಿಗೆಗೆ, ಕೆರೆಗೆ ಭೂಮಿ ಬಿಟ್ಟು ಕಲ್ಲಿನ ಶಾಸನ ಹಾಕಿಸುತ್ತಿದ್ದರಲ್ಲ, ಹಾಗೆಯೇ. ಆಸ್ತಿಯನ್ನು ಒಂದು ಕಾರ್ಯಕ್ಕೆಂದು ಬಿಟ್ಟುಬಿಡುವುದು, ಅಸಲು ಮುಟ್ಟದೆ ಅದರ ಹುಟ್ಟುವಳಿಯಿಂದ ಆ ಕಾರ್ಯ ನಡೆಸುವುದು. ದಮಾಸ್ಕಸ್‌ನಲ್ಲಿ ಮೆಕ್ಕಾ ಯಾತ್ರೆಗೆ ತಾವು ಹೋಗಲಾಗದವರ ಪರವಾಗಿ ಹೋಗುವವರಿಗೆ ಒಂದು ದತ್ತಿ, ಬಡ ಹೆಣ್ಣುಮಕ್ಕಳ ಮದುವೆಗೆ ಒಂದು, ಸೆರೆಸಿಕ್ಕವರನ್ನು ಬಿಡಿಸಲು ಒಂದು, ದಾರಿಹೋಕರ ಊಟಬಟ್ಟೆಗೆ ಒಂದು, ರಸ್ತೆಗೆ ಕಲ್ಲು ಹಾಸಲು ಇನ್ನೊಂದು.

ಒಂದು ದಿನ ಆತ ಓಣಿಯಲ್ಲಿ ಹೋಗುತ್ತಿದ್ದಾಗ ಆಳುಹುಡುಗನೊಬ್ಬನ ಕೈಯಿಂದ ಚೀನಾದ ಪಿಂಗಾಣಿ ತಟ್ಟೆ ಜಾರಿ ಬಿದ್ದು ಚೂರಾಯಿತು. ಜನ ಸೇರಿದರು. ಒಬ್ಬರು, ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ದತ್ತಿ ನೋಡಿಕೊಳ್ಳುವವನ ಬಳಿ ಹೋಗು ಎಂದರು. ಒಬ್ಬರು ಜೊತೆಗೂ ಹೋದರು. ದತ್ತಿಯವನು ಚೂರು ನೋಡಿ, ಅಂಥದೇ ತಟ್ಟೆ ಕೊಳ್ಳಲು ಹಣ ಕೊಟ್ಟ. ಇಲ್ಲವಾದರೆ ಯಜಮಾನ ಆ ಹುಡುಗನನ್ನು ಹೊಡೆಯುತ್ತಿದ್ದ, ಕಡೇಪಕ್ಷ ಬೈಯುತ್ತಿದ್ದ, ಹುಡುಗನ ಮನಸ್ಸು ಮುರಿಯುತ್ತಿತ್ತು ಎನ್ನುತ್ತಾನೆ ಬತೂತ. ಯೋಚಿಸಿ ನೋಡಿ. ಯಾರೋ ಒಬ್ಬ ಪುಣ್ಯಾತ್ಮ, ತಾನು ಎಂದೂ ಕಾಣದ ಆಳುಹುಡುಗರು ಎಂದೋ ಒಡೆಯಬಹುದಾದ ತಟ್ಟೆಗಳಿಗಾಗಿ ಮೊದಲೇ ಹಣ ತೆಗೆದಿಟ್ಟಿದ್ದ. ಸಾಫ್ಟ್‌ವೇರಿನಲ್ಲಿ ನಾವು ಬ್ಯಾಕಪ್ ಎನ್ನುತ್ತೇವೆ. ಇದಕ್ಕಿಂತ ಒಳ್ಳೆಯ ಬ್ಯಾಕಪ್ ನಾವಂತೂ ಕಂಡಿಲ್ಲ.

ಈಗ ನಮ್ಮ ಒಮಾನ್‌ಗೆ ಬರೋಣ. ಖರೀಫ್ ಮಳೆಗಾಲದಲ್ಲಿ ನಾವೆಲ್ಲ ಸಾವಿರ ಕಿಲೋಮೀಟರ್ ಕಾರು ಓಡಿಸಿಕೊಂಡು ಸಲಾಲಾಕ್ಕೆ ಹೋಗಿ, ರಸ್ತೆ ಬದಿಯ ಅಂಗಡಿಯಲ್ಲಿ ಎಳನೀರು ಕುಡಿದು, ಬಾಳೆಹಣ್ಣು ಕೊಂಡು, "ಥೇಟ್ ನಮ್ಮೂರು!" ಎನ್ನುತ್ತೇವಲ್ಲ, ಆತನಿಗೂ ಹಾಗೇ ಅನ್ನಿಸಿತ್ತು. ವೀಳ್ಯದೆಲೆ ಮತ್ತು ತೆಂಗು ಭಾರತವನ್ನು ಬಿಟ್ಟರೆ ಈ ಧೋಫಾರ್‌ನಲ್ಲಿ ಮಾತ್ರ ಎಂದು ಹೇಳಿದ್ದಾನೆ. ಒಳ್ಳೆಯ ಗಾಳಿ ಸಿಕ್ಕರೆ ಭಾರತ ಅಲ್ಲಿಂದ ಒಂದು ತಿಂಗಳ ಹಾದಿ, ತಾನೇ ಒಮ್ಮೆ ಕಲ್ಲಿಕೋಟೆಯಿಂದ 28 ದಿನದಲ್ಲಿ ಬಂದೆ ಎಂದೂ ಹೇಳುತ್ತಾನೆ.

ಸೂರ್ ಪಟ್ಟಣದ ಪ್ರಸಂಗ ಇನ್ನೂ ಚೆನ್ನಾಗಿದೆ. 1330ರ ಆಸುಪಾಸು. ಹಡಗು ಸೂರ್‌ನಲ್ಲಿ ನಿಂತಿತು. ಕಲ್ಹಾತ್ ನಗರ ಕಣ್ಣಿಗೆ ಹತ್ತಿರವೇ ಕಂಡಿತು. ನಡೆದೇ ಹೋಗೋಣ ಎಂದು ನಾವಿಕನೊಬ್ಬನನ್ನು ದಾರಿ ತೋರಿಸಲು ಗೊತ್ತು ಮಾಡಿಕೊಂಡು ಹೊರಟ. ಜೊತೆಗೆ ಖಿದ್ರ್ ಎಂಬ ಭಾರತದ ಗೆಳೆಯ. ದಾರಿ ತೋರಿಸುವವನ ಕಣ್ಣು ಇವರ ಬಟ್ಟೆಗಂಟಿನ ಮೇಲೆ. ಸಮುದ್ರದ ನೀರು ಒಳನುಗ್ಗಿದ ಕಡೆ ಇಳಿಸಿ ಮುಳುಗಿಸಿಬಿಡಬೇಕೆಂದು ನೋಡಿದ. ಬತೂತ ಕೈಯಲ್ಲಿದ್ದ ಈಟಿ ಎತ್ತಿದ ಮೇಲೆ ತಣ್ಣಗಾದ. ಬಿಸಿಲು, ಬಾಯಾರಿಕೆ, ಗೆಳೆಯನಿಗೆ ಕಾಯಿಲೆ. ರಾತ್ರಿಯೆಲ್ಲ ಆ ಮನುಷ್ಯನ ಮೇಲೆ ಕಣ್ಣಿಟ್ಟು ನಿದ್ದೆಗೆಟ್ಟು ಕೂತ. ಮರುದಿನ ಕಲ್ಹಾತ್ ಬಾಗಿಲಿಗೆ ಬಂದಾಗ ಬಿಗಿಯಾದ ಚಪ್ಪಲಿಯಿಂದ ಪಾದ ಊದಿ, ಉಗುರಿನ ಅಡಿಯಿಂದ ರಕ್ತ ಬರುವಂತಾಗಿತ್ತು.

ಬಾಗಿಲ ಕಾವಲಿನವನು ಸಂಪ್ರದಾಯದಂತೆ ಊರಿನ ಅಧಿಕಾರಿಯ ಹತ್ತಿರ ಕರೆದುಕೊಂಡು ಹೋದ. ಅಧಿಕಾರಿ ಈತನ ಕಾಲು ನೋಡಿ ಮನೆಯಲ್ಲೇ ಉಳಿಸಿಕೊಂಡ. ಆರು ದಿನ! ಆರು ದಿನವೂ ಬತೂತನಿಗೆ ಎದ್ದು ನಿಲ್ಲಲು ಆಗಿರಲಿಲ್ಲ. ಆ ಊರಿನಲ್ಲಿ ತಿಂದ ಮೀನಿನಂಥ ಮೀನು ಬೇರೆಲ್ಲೂ ತಿಂದಿಲ್ಲ ಎನ್ನುತ್ತಾನೆ. ಎಲೆಗಳ ಮೇಲೆ ಸುಟ್ಟು, ಅನ್ನದ ಮೇಲೆ ಇಟ್ಟು ತಿನ್ನುತ್ತಿದ್ದರಂತೆ. ಆ ಅಕ್ಕಿ ಬರುತ್ತಿದ್ದದ್ದು ಭಾರತದಿಂದ. ಕಲ್ಹಾತನ್ನು 1508ರಲ್ಲಿ ಪೋರ್ಚುಗೀಸರು ಹಾಳುಗೆಡವಿದರು, 2018ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಬೀಬಿ ಮರಿಯಂ ಸಮಾಧಿಯ ಗುಮ್ಮಟದ ಗೋಡೆಗಳು ಇನ್ನೂ ನಿಂತಿವೆ. ಮುಂದಿನ ಸಲ ಸೂರ್ ಕಡೆ ಪಿಕ್ನಿಕ್ ಹೋದಾಗ ಐದು ನಿಮಿಷ ಆ ಗುಡ್ಡದ ಕಡೆ ನೋಡಿ. ಕಾಲು ಊದಿದ ಒಬ್ಬ ಪರದೇಶಿಯನ್ನು ಆರು ದಿನ ಸಾಕಿದ ಊರು ಅದು.

ಅಲ್ಲಿಂದ ಸಮುದ್ರದ ಆಚೆ ದಡ ನಮ್ಮದು. ದೆಹಲಿಯಲ್ಲಿ ಮಹಮದ್ ಬಿನ್ ತುಘಲಕ್‌ನ ನ್ಯಾಯಾಧೀಶನಾಗಿದ್ದ ಬತೂತ, ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ 1342ರಲ್ಲಿ ಹೊರಟು, ಹಡಗಿನಲ್ಲಿ ಪಶ್ಚಿಮ ಕರಾವಳಿಗುಂಟ ಬಂದ. ಆತನ 'ಹಿನೌರ್' ಎಂದರೆ ನಮ್ಮ ಹೊನ್ನಾವರ. ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನ, ಅವನ ಮೇಲೆ 'ಹರಿಯಬ್' ಎಂಬ ದೊರೆ. ಆ ದೊರೆ ವಿಜಯನಗರದ ಮೊದಲನೆಯ ಹರಿಹರನೇ ಇರಬೇಕು ಎನ್ನುತ್ತಾರೆ. ಊರಿನ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ಬಟ್ಟೆಯ ಒಂದು ತುದಿ ಸೊಂಟಕ್ಕೆ ಸುತ್ತಿ ಉಳಿದದ್ದನ್ನು ಎದೆ ತಲೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಬಂಗಾರದ ನತ್ತು ಎಂದು ವರ್ಣಿಸುತ್ತಾನೆ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಹೀಗೆ ಬೇರೆಲ್ಲೂ ಕಂಡಿಲ್ಲ ಎನ್ನುತ್ತಾನೆ. ಹೆಂಗಸರಿಗೆ ಕುರಾನ್ ಬಾಯಿಪಾಠ ಬರುತ್ತಿತ್ತಂತೆ. ಸುಮಾರು 680 ವರ್ಷದ ಹಿಂದಿನ ಉತ್ತರ ಕನ್ನಡ ಇದು!

ಇನ್ನು ಊಟ. ಮಕ್ಕಳೇ, ಇಲ್ಲಿ ಸ್ವಲ್ಪ ಕಿವಿಗೊಡಿ. ಸುಲ್ತಾನನ ಮನೆಯಲ್ಲಿ ತಾಮ್ರದ ತಟ್ಟೆ ಇಟ್ಟು, ಒಂದು ಸೌಟು ಅನ್ನ ಬಡಿಸಿ, ಮೇಲೆ ತುಪ್ಪ ಹಾಕುತ್ತಿದ್ದರು. ಪಕ್ಕಕ್ಕೆ ಉಪ್ಪಿನಕಾಯಿ: ಎಳೆಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನಕಾಯಿ. ಒಂದು ತುತ್ತು ಅನ್ನ, ಒಂದು ಚೂರು ಉಪ್ಪಿನಕಾಯಿ. ಅದು ಮುಗಿದರೆ ಮತ್ತೊಂದು ಸೌಟು ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಎಂದು ತಿಳಿಯಬೇಕು ಎನ್ನುತ್ತಾನೆ. ಮೊಸರನ್ನದ ನಂತರ ಊಟ ಮುಗಿಯಿತು ಎಂಬುದನ್ನು ಟಾಂಜಿಯರ್‌ನವನೊಬ್ಬ ಕಂಡುಹಿಡಿದು ಬರೆಸಿದ್ದಾನೆ. ಈ ಸುಲ್ತಾನನ ಜೊತೆ ಇನ್ನೊಂದು ಸಲ ಹನ್ನೊಂದು ತಿಂಗಳು ಇದ್ದೆ, ಅಷ್ಟು ದಿನವೂ ರೊಟ್ಟಿಯ ಮುಖ ಕಾಣಲಿಲ್ಲ, ಬರೀ ಅನ್ನ ಎಂದೂ ಹೇಳುತ್ತಾನೆ. ಖುಬ್ಬೂಸ್ ತಿಂದು ತಿಂದು ಅನ್ನಕ್ಕೆ ಹಂಬಲಿಸುವ ನಮ್ಮ ಬ್ಯಾಚುಲರ್ ಹುಡುಗರ ಕಷ್ಟ ಆತನಿಗೆ ತಿರುಗುಮುರುಗಾಗಿತ್ತು.

ಗೋವೆಯ ಕಡೆಯಿಂದ ಕೊಲ್ಲಂವರೆಗಿನ ಕರಾವಳಿಯ ರಸ್ತೆಯ ಬಗ್ಗೆ ಆತ ಹೇಳುವ ಮಾತು ನಮಗೆ ಬಹಳ ಹಿಡಿಸಿತು. ದಾರಿಯುದ್ದಕ್ಕೂ ಮರದ ನೆರಳು. ಅರ್ಧ ಅರ್ಧ ಮೈಲಿಗೊಂದು ಮರದ ಮನೆ, ಕೂರಲು ಜಗಲಿ, ಪಕ್ಕದಲ್ಲಿ ಕುಡಿಯುವ ನೀರಿನ ಬಾವಿ, ನೀರು ಕೊಡಲೆಂದೇ ಒಬ್ಬ ಮನುಷ್ಯ. ಇದು ನಮ್ಮ ಅರವಟ್ಟಿಗೆ ಅಲ್ಲದೆ ಇನ್ನೇನು? ಅಲ್ಲಿಯೂ ಭೇದವಿತ್ತು. ಹಿಂದೂಗಳಿಗೆ ಪಾತ್ರೆಯಲ್ಲಿ, ಮುಸ್ಲಿಮರಿಗೆ ಬೊಗಸೆಗೆ ನೀರು ಹಾಕುತ್ತಿದ್ದರು ಎಂದು ಆತ ಮುಚ್ಚಿಡದೆ ಹೇಳಿದ್ದಾನೆ. ನಾವೂ ಮುಚ್ಚಿಡುವುದು ಬೇಡ. ಆದರೂ ಬಾಯಾರಿದವನು ನೀರಿಲ್ಲದೆ ಹೋಗುತ್ತಿರಲಿಲ್ಲ.

ಈಗ ಆತನ ಕಷ್ಟಕಾಲ. ಕಲ್ಲಿಕೋಟೆಯಲ್ಲಿ ಬಿರುಗಾಳಿ ಎದ್ದು, ಚೀನಾ ಚಕ್ರವರ್ತಿಗೆ ಒಯ್ಯುತ್ತಿದ್ದ ಉಡುಗೊರೆಗಳ ದೊಡ್ಡ ಹಡಗು ಒಡೆದುಹೋಯಿತು. ಆತನ ಸ್ವಂತ ಸಾಮಾನು, ಪರಿವಾರ ಇದ್ದ ಇನ್ನೊಂದು ಹಡಗು ಆತನನ್ನು ದಡದಲ್ಲೇ ಬಿಟ್ಟು ಹೊರಟುಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದಿನಾರ್ ಮತ್ತು ಮಲಗುವ ಒಂದು ಜಮಖಾನೆ. ಆ ಹತ್ತು ದಿನಾರ್ ಕೂಡ ದಾನವೇ. ಗೋವೆಯ ಬಳಿಯ ಸಣ್ಣ ದ್ವೀಪವೊಂದರ ಗುಡಿಯಲ್ಲಿ ಕಂಡ ಜೋಗಿ ಗುಟ್ಟಾಗಿ ಕೈಗಿಟ್ಟದ್ದು. ಅದು ಕಾರವಾರದ ಎದುರಿನ ಅಂಜದೀವ ಇರಬೇಕು ಎನ್ನುತ್ತಾರೆ. ಎಲ್ಲ ಕಳೆದುಕೊಂಡು, ದೆಹಲಿಗೆ ಹೋದರೆ ತುಘಲಕ್ ಏನು ಮಾಡುವನೋ ಎಂಬ ಭಯದಲ್ಲಿ, ಆತ ತಿರುಗಿ ಬಂದದ್ದು ಎಲ್ಲಿಗೆ? ಹೊನ್ನಾವರಕ್ಕೆ. ಒಮ್ಮೆ ಉಂಡ ಮನೆ ಅದು.

ಮುಂದೆ ಇನ್ನೊಂದು ಪ್ರಯಾಣದಲ್ಲಿ ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ ಹನ್ನೆರಡು ದೋಣಿಗಳಲ್ಲಿ ಕಡಲ್ಗಳ್ಳರು ಮುತ್ತಿದರು. ಮುತ್ತುರತ್ನ, ಬಟ್ಟೆಬರೆ, ದಾರಿಯ ಬುತ್ತಿ, ಎಲ್ಲವನ್ನೂ ದೋಚಿ, ಮೈಮೇಲೆ ಷರಾಯಿ ಒಂದನ್ನು ಬಿಟ್ಟು ದಡಕ್ಕೆ ಇಳಿಸಿದರು. ಹಾಗೆಯೇ ಕಲ್ಲಿಕೋಟೆಯ ಮಸೀದಿಗೆ ಹೋಗಿ ಕೂತ. ಒಬ್ಬ ಶಾಸ್ತ್ರಿ ಒಂದು ಅಂಗಿ ಕಳಿಸಿದ, ಊರಿನ ಖಾಜಿ ಒಂದು ಪೇಟ ಕಳಿಸಿದ, ಒಬ್ಬ ವ್ಯಾಪಾರಿ ಇನ್ನೊಂದು ಬಟ್ಟೆ ಕಳಿಸಿದ. ಮೂರು ಮನೆಯಿಂದ ಮೂರು ಬಟ್ಟೆ ಬಂದು, ಜಗತ್ತಿನ ಮಹಾ ಪ್ರವಾಸಿ ಮತ್ತೆ ಮನುಷ್ಯನ ಹಾಗೆ ಎದ್ದುನಿಂತ.

ಇದನ್ನು ಓದಿದಾಗ ನಾವಿಬ್ಬರೂ, ಎಂದರೆ ನಾವು ಮತ್ತು ನಮ್ಮ ಮನೆಯವರು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವು ಮಸ್ಕತ್‌ಗೆ ಬಂದದ್ದು 2007ರ ಏಪ್ರಿಲ್‌ನಲ್ಲಿ. ಜೂನ್ 6ಕ್ಕೆ ಗೋನು ಚಂಡಮಾರುತ. ಹಳಬರಿಗೆಲ್ಲ ನೆನಪಿದೆ. ನಮ್ಮದು ನೆಲಮಹಡಿಯ ಬಾಡಿಗೆ ಮನೆ. ವಾದಿಯ ನೀರು ಕೆಸರಿನೊಂದಿಗೆ ನುಗ್ಗಿ ಅರ್ಧ ಗಂಟೆಯಲ್ಲಿ ಸೊಂಟದವರೆಗೆ ಬಂತು. ಪಾಸ್‌ಪೋರ್ಟಿನ ಚೀಲ ಬಿಟ್ಟರೆ ಏನೂ ಉಳಿಯಲಿಲ್ಲ. ಮೇಲಿನ ಮಹಡಿಯಲ್ಲಿ ಕುಂದಾಪುರ ಕಡೆಯ ಒಂದು ಸಂಸಾರವಿತ್ತು. ಮೆಟ್ಟಿಲಲ್ಲಿ ಎದುರಾದರೆ ನಕ್ಕು ಹೋಗುವಷ್ಟೇ ಪರಿಚಯ. ಆ ಅಕ್ಕ ಬಾಗಿಲು ತೆಗೆದು ನಿಂತಿದ್ದರು. ಒಂಬತ್ತು ದಿನ ನಾವು ಅವರ ಮನೆಯಲ್ಲಿದ್ದೆವು. ನಮ್ಮ ಮನೆಯವರಿಗೆ ಅಕ್ಕನ ಸೀರೆ, ನಮಗೆ ಭಾವನವರ ಲುಂಗಿ. ಅವರು ನಮಗಿಂತ ಅರ್ಧ ಅಡಿ ಗಿಡ್ಡ, ಬಿಡಿ. ನಲ್ಲಿಯಲ್ಲಿ ನೀರಿಲ್ಲ, ಇದ್ದಷ್ಟು ನೀರನ್ನು ಅಳೆದು ಹಂಚಿಕೊಂಡೆವು. ಆರು ಜನಕ್ಕೆ ಮಾಡಿದ ಗಂಜಿ ಹತ್ತು ಜನಕ್ಕೆ ಹೇಗೆ ಸಾಲುತ್ತಿತ್ತೋ, ಅದು ಅಕ್ಕನಿಗೇ ಗೊತ್ತು.

ಬೇರೆ ಮನೆ ಹಿಡಿದು ಹೊರಟಾಗ ಅಕ್ಕ ಒಂದು ಸ್ಟೀಲ್ ಪಾತ್ರೆಯಲ್ಲಿ ಅನ್ನ, ಹುರುಳಿ ಸಾರು ಕಟ್ಟಿ ಕೊಟ್ಟರು. ಮುಂದಿನ ವಾರ ನಾವು ಪಾತ್ರೆ ತೊಳೆದು ವಾಪಸ್ ಕೊಡಲು ಹೋದರೆ ಅಕ್ಕ ನಗುತ್ತ, "ಬರೀ ಪಾತ್ರೆ ವಾಪಸ್ ಕೊಡುಕಾಗ ಮಾರಾಯ್ರೆ" ಎಂದು ಅಡುಗೆಮನೆಗೆ ಹೋಗಿ, ಒಂದು ಹಿಡಿ ಸಕ್ಕರೆ ತಂದು ಅವರೇ ಅದರೊಳಗೆ ಹಾಕಿ, ನಮ್ಮ ಕೈಯಿಂದ ತೆಗೆದುಕೊಂಡರು. ನಮಗೆ ನಾಚಿಕೆಯಾಯಿತು. ನಮ್ಮ ಅಮ್ಮ ಊರಿನಲ್ಲಿ ಇದೇ ಮಾತು ಹೇಳುತ್ತಿದ್ದರು. ಸಮುದ್ರ ದಾಟಿದ ಎರಡೇ ತಿಂಗಳಿಗೆ ಮರೆತಿದ್ದೆವು.

ಇನ್ನು ಬತೂತನ ಬದುಕಿನ ದುಃಖದ ಭಾಗ. ಅದನ್ನು ಹೇಳದೆ ಹೋದರೆ ಆತನನ್ನು ಪೂರ್ತಿ ನೆನೆದಂತಾಗುವುದಿಲ್ಲ. 1348ರಲ್ಲಿ ಆತ ಮತ್ತೆ ದಮಾಸ್ಕಸ್‌ಗೆ ಬಂದ. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಮದುವೆಯಾಗಿ, ಬಸುರಿ ಹೆಂಡತಿಯನ್ನು ಬಿಟ್ಟು ಹೋಗಿದ್ದ. ಮಗ ಹುಟ್ಟಿದನೆಂದು ಭಾರತದಲ್ಲಿದ್ದಾಗ ಸುದ್ದಿ ಸಿಕ್ಕಿತ್ತು. ಈಗ ವಿಚಾರಿಸಿದರೆ, ಆ ಮಗ ತೀರಿಕೊಂಡು ಹನ್ನೆರಡು ವರ್ಷ. ಟಾಂಜಿಯರ್‌ನ ವಿದ್ವಾಂಸರೊಬ್ಬರು ಅಲ್ಲಿದ್ದಾರೆಂದು ಹುಡುಕಿಕೊಂಡು ಹೋದ. ತಂದೆ ತೀರಿಕೊಂಡು ಹದಿನೈದು ವರ್ಷವಾಯಿತು, ತಾಯಿ ಇದ್ದಾರೆ ಎಂದರು. ಅದೇ ವರ್ಷ ಮಹಾಮಾರಿ ಪ್ಲೇಗು. ದಮಾಸ್ಕಸ್‌ನ ಜನ ಮೂರು ದಿನ ಉಪವಾಸವಿದ್ದು, ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ತಮ್ಮ ತಮ್ಮ ಗ್ರಂಥ ಹಿಡಿದು ಒಟ್ಟಿಗೆ ಬರಿಗಾಲಲ್ಲಿ ಪ್ರಾರ್ಥನೆಗೆ ನಡೆದದ್ದನ್ನು ಆತ ಕಂಡ. ಅಮ್ಮನನ್ನಾದರೂ ನೋಡೋಣ ಎಂದು ಊರಿನ ದಾರಿ ಹಿಡಿದ. 1349ರಲ್ಲಿ ಮೊರಾಕ್ಕೊ ಗಡಿ ದಾಟಿ ತಾಝಾ ಪಟ್ಟಣಕ್ಕೆ ಬಂದಾಗ ಸುದ್ದಿ ಸಿಕ್ಕಿತು. ಅಮ್ಮ ಪ್ಲೇಗಿನಲ್ಲಿ ಹೋಗಿಬಿಟ್ಟಿದ್ದರು. ಇಪ್ಪತ್ತನಾಲ್ಕು ವರ್ಷ ನಡೆದವನಿಗೆ ಕೊನೆಯ ಕೆಲವು ದಿನದ ಹಾದಿ ಸಾಲದೆ ಹೋಯಿತು.

ಆತನನ್ನು ದೇವರ ಪಟದ ಹಾಗೆ ಗೋಡೆಗೆ ಹಾಕಿ ಎಂದು ನಾವು ಹೇಳುತ್ತಿಲ್ಲ. ಊರೂರಲ್ಲಿ ಮದುವೆಯಾಗಿ ಊರೂರಲ್ಲಿ ಹೆಂಡಿರು ಮಕ್ಕಳನ್ನು ಬಿಟ್ಟವನು. ಗುಲಾಮರನ್ನು ಕೊಂಡು ಮಾರಿದವನು. ಆತ ಕಂಡ ಲೋಕದ ವೈಭವ ನಮಗೆ ಸಿಕ್ಕಿದೆ, ಅದರ ಬೆಲೆ ತೆತ್ತವರಲ್ಲಿ ಹಲವರ ಹೆಸರು ಪುಸ್ತಕದಲ್ಲಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ಸುತ್ತುವಾಗ ಹಿಂದೆ ಉಳಿದವರ ಲೆಕ್ಕವನ್ನೂ ಇಡಬೇಕು ಎಂದು ಆತನ ಕಥೆಯಿಂದ ನಾವು ಕಲಿತೆವು.

ಈ ಲೆಕ್ಕ ನಮಗೂ ಬಿಟ್ಟಿಲ್ಲ. 2020ರ ಏಪ್ರಿಲ್‌ನಲ್ಲಿ ನಮ್ಮ ತಂದೆಯವರು ಹೋದರು. ಮಾರ್ಚ್‌ನಿಂದಲೇ ವಿಮಾನ ನಿಂತಿತ್ತು, ವಂದೇ ಭಾರತ್ ವಿಮಾನಗಳು ಮೊದಲಾದದ್ದು ಮೇ 7ಕ್ಕೆ. ಅಪ್ಪನ ಕೊನೆಯ ಕೆಲಸವನ್ನು ನಾವು ಫೋನಿನ ಪರದೆಯ ಮೇಲೆ ನೋಡಿದೆವು, ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ. ಹಣವಿತ್ತು, ದಾರಿ ಇರಲಿಲ್ಲ.

ದಾರಿ ಇದ್ದೂ ಹಣವಿಲ್ಲದವರ ಕಥೆ ಬೇರೆ. ನಮ್ಮ ನಿಧಿಯ ಕೆಲಸ ಮಾಡುವವರಿಗೆ ಆ ಕಥೆಗಳು ಗೊತ್ತು, ಹೆಸರು ಹೇಳುವ ಪದ್ಧತಿ ಇಲ್ಲ. ಒಂದನ್ನು ಮಾತ್ರ ಹೇಳುತ್ತೇವೆ. ಗದಗ ಕಡೆಯ ಒಬ್ಬ ಹುಡುಗ, ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೆಲಸ. ಗುತ್ತಿಗೆದಾರ ನಾಲ್ಕು ತಿಂಗಳಿಂದ ಸಂಬಳ ಕೊಟ್ಟಿರಲಿಲ್ಲ. ಒಂದು ರಾತ್ರಿ ಊರಿನಿಂದ ಫೋನ್ ಬಂತು, ಅವ್ವ ಹೋದಳು ಎಂದು. ನಮ್ಮವರಿಗೆ ಸುದ್ದಿ ಮುಟ್ಟಿದ್ದೇ ಎರಡು ದಿನ ತಡವಾಗಿ. ಕಾಗದಪತ್ರ ಸರಿಮಾಡಿಸಿ ಟಿಕೆಟ್ ತೆಗೆಸುವಾಗ ಇನ್ನೂ ಐದು ದಿನ. ಅವ್ವನ ಮಣ್ಣಿಗೆ ಅವನು ಸಿಗಲಿಲ್ಲ. ಹದಿಮೂರನೆಯ ದಿನಕ್ಕೆ ಸಿಕ್ಕ. ವಿಮಾನ ನಿಲ್ದಾಣಕ್ಕೆ ಬಿಟ್ಟವರಲ್ಲಿ ನಾವೂ ಇದ್ದೆವು. ಅವನು ಹೇಳಿದ್ದು ಇಷ್ಟೇ, "ಸರ್ರ, ಬರಿಗೈಲೆ ಹೊಂಟೇನಿ ಅನಿಸವಲ್ದು ಈಗ." ಯಾರೋ ಒಬ್ಬರು ಅವನ ತಂಗಿಗೆಂದು ಒಂದು ಡಬ್ಬಿ ಖರ್ಜೂರ, ಒಂದು ಸೀರೆ ಕಟ್ಟಿ ಕೈಗೆ ಕೊಟ್ಟಿದ್ದರು.

ಅವನ ಟಿಕೆಟ್ಟಿನ ಹಣ ಎಲ್ಲಿಂದ ಬಂತು? ಹಿಂದಿನ ವರ್ಷ ಇದೇ ಸಂಜೆ, ಇದೇ ಕುರ್ಚಿಗಳಲ್ಲಿ ಕೂತು, ಅವನನ್ನು ಎಂದೂ ನೋಡದ ನೀವು ಕೊಟ್ಟದ್ದು. ಕೊಡುವಾಗ ಅವನ ಅವ್ವ ಬದುಕಿದ್ದಳು. ಯಾವ ತಟ್ಟೆ ಯಾವಾಗ ಒಡೆಯುವುದೋ ದಮಾಸ್ಕಸ್‌ನ ಆ ಪುಣ್ಯಾತ್ಮನಿಗೂ ಗೊತ್ತಿರಲಿಲ್ಲ. ಒಡೆದ ಮೇಲೆ ಹಣ ಕೂಡಿಸಲು ಹೊರಟರೆ ತಡವಾಗುತ್ತದೆ. ಆ ಏಳು ದಿನವನ್ನು ಮೂರು ದಿನಕ್ಕೆ ಇಳಿಸಬೇಕು ಎಂಬುದೇ ಈ ವರ್ಷದ ನಮ್ಮ ಆಸೆ. ಅದಕ್ಕೆ ನಿಧಿಯಲ್ಲಿ ಹಣ ಮೊದಲೇ ಇರಬೇಕು. ಸುದ್ದಿ ಬಂದ ಕೂಡಲೇ ಓಡಾಡುವ ಜನ ಇರಬೇಕು. ಹಣ ಕೊಡಲು ಆಗದವರು ಕಾರು ಕೊಡಿ, ಅರಬ್ಬಿ ಬರೆಯಬಲ್ಲವರು ಅರ್ಜಿ ಬರೆದುಕೊಡಿ, ಏನೂ ಆಗದಿದ್ದರೆ ಒಂದು ಹೊತ್ತಿನ ಊಟ ಕಳಿಸಿ.

ಬತೂತ ಮೊರಾಕ್ಕೊಗೆ ಮರಳಿ, ಒಂದು ಊರಿನ ನ್ಯಾಯಾಧೀಶನಾಗಿ, 1368 ಅಥವಾ 69ರಲ್ಲಿ ತೀರಿಕೊಂಡ ಎನ್ನುತ್ತಾರೆ. ಈಗ ಟಾಂಜಿಯರ್‌ನ ವಿಮಾನ ನಿಲ್ದಾಣಕ್ಕೆ ಆತನ ಹೆಸರಿದೆ, ಚಂದ್ರನ ಮೇಲಿನ ಒಂದು ಕುಳಿಗೂ ಇದೆ. ಆತನಿಗೆ ಅನ್ನ ಹಾಕಿದವರಲ್ಲಿ ಬಹುಪಾಲು ಜನರ ಹೆಸರು ಎಲ್ಲಿಯೂ ಇಲ್ಲ. ಟ್ಯೂನಿಸ್‌ನಲ್ಲಿ ಕಣ್ಣೀರು ಕಂಡು ಹತ್ತಿರ ಬಂದ ಯಾತ್ರಿಕ, ಕಲ್ಹಾತ್‌ನ ಬಾಗಿಲ ಕಾವಲಿನವನು, ಕರಾವಳಿಯ ಅರವಟ್ಟಿಗೆಯಲ್ಲಿ ನೀರು ಹಾಕುತ್ತಿದ್ದ ಆ ಮನುಷ್ಯ, ದ್ವೀಪದ ಜೋಗಿ, ಅಂಗಿ ಕಳಿಸಿದ ಶಾಸ್ತ್ರಿ. ಅವರಿಲ್ಲದಿದ್ದರೆ ಆ ಪುಸ್ತಕವೂ ಇಲ್ಲ. ಆದರೆ ಬತೂತ ಒಂದು ಕೆಲಸ ಮಾಡಿದ. ಮೂವತ್ತು ವರ್ಷದ ಮೇಲೂ ಅವರನ್ನು ನೆನಪಿಟ್ಟು ಹೇಳಿದ. ಉಂಡ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಲಿಲ್ಲ.

ಕುಂದಾಪುರದ ಆ ಅಕ್ಕ, ಭಾವನವರು ಈಗ ಊರಿನಲ್ಲಿದ್ದಾರೆ. ಅವರು ಹೊರಟ ದಿನ ಆ ಸ್ಟೀಲ್ ಪಾತ್ರೆಯನ್ನು ನಾವು ಕೇಳಿ ಇಸಿದುಕೊಂಡೆವು. ಇವತ್ತು ಬಾಗಿಲ ಬಳಿಯ ಮೇಜಿನ ಮೇಲೆ, ನಿಧಿಯ ಲಕೋಟೆಗಳನ್ನು ಹಾಕಲು ಇಟ್ಟಿರುವುದು ಅದೇ ಪಾತ್ರೆ. ತಳದಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಇಟ್ಟಿದ್ದೇವೆ. ಉಳಿದದ್ದು ನಿಮಗೆ ಬಿಟ್ಟದ್ದು.

ಊಟ ತಣ್ಣಗಾಗುವ ಮೊದಲು ಮಾತು ಮುಗಿಸುತ್ತೇವೆ. ಮೊಸರು ಬರುವವರೆಗೆ ಯಾರೂ ಏಳಬೇಡಿ.